ಮಡಿಸಿದ ಬೆಳ್ಳಿ

ಹಿಂಬಾಗಿಲು ಸದ್ದಾದಾಗ ಮ್ಯೂರಿಯಲ್ ಕೆರಿಜ್ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ತೆರೆದು ನೋಡಿದರೆ ಡೋರಿನ್ ಗ್ಯಾರೆಡ್ ನಿಂತಿದ್ದಳು. ಮೊಣಕಾಲಿನವರೆಗೆ ಕೆಸರು, ಮೈಮೇಲೆ ಕೋಟಿಲ್ಲ, ಕೈಯಲ್ಲಿ ಮ್ಯೂರಿಯಲ್‌ಳ ಗಂಡ ಪರ್ಸಿಯ ಟೋಪಿ.

"ಬೂಟು ಹೊರಗೆ ಬಿಡು" ಎಂದಳು ಮ್ಯೂರಿಯಲ್.

"ಮಿಸೆಸ್ ಕೆರಿಜ್, ನೀವು ಸ್ವಲ್ಪ ಕೂತ್ಕೊಳ್ಳಿ."

"ನನ್ನ ಮನೇಲಿ ನನಗೇ ಕೂತ್ಕೋ ಅಂತೀಯಲ್ಲ! ಪರ್ಸಿ ಎಲ್ಲಿ?"

"ಪರ್ಸಿ ಹೋಗ್ಬಿಟ್ಟ." ಡೋರಿನ್ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು. "ಚರ್ಚಿನ ಹಿಂದಿನ ಹೊಲದಲ್ಲಿ. ಸ್ವಲ್ಪ ಕೂತ್ಕೋತೀನಿ ಅಂದ, ಕೂತ. ನಾನು ಫ್ಲಾಸ್ಕಿನ ಮುಚ್ಚಳ ತೆಗೆಯೋಷ್ಟರಲ್ಲಿ ವಾಲಿಬಿಟ್ಟ. ಆಂಬುಲೆನ್ಸಿನವರು ಬಂದ್ರು, ಏನೂ ಮಾಡೋಕೆ ಆಗ್ಲಿಲ್ಲ."

ಮ್ಯೂರಿಯಲ್ ಟೋಪಿಯನ್ನು ಕಿತ್ತುಕೊಂಡಳು. ಅಳು ಬರಬೇಕಾದ ಜಾಗದಲ್ಲಿ ಬೇರೆ ಎರಡು ಮಾತು ಬಂದು ಕುಳಿತಿದ್ದವು. ನನ್ನನ್ನು ಮಿಸೆಸ್ ಕೆರಿಜ್ ಅನ್ನುವವಳು ಅವನನ್ನು ಬರೀ ಪರ್ಸಿ ಅನ್ನುತ್ತಾಳೆ. ಇವಳ ಮೈಮೇಲೆ ಇಲ್ಲದ ಕೋಟು ಈಗ ಅವನ ಮೈಮೇಲಿದೆ.

ಇಂಗ್ಲೆಂಡಿನ ಸಫೋಕಿನ ಆ ಊರಿನಲ್ಲಿ ಪರ್ಸಿ, ಡೋರಿನ್ ಜೊತೆಯಾಗಿ ಹೊಲ ಸುತ್ತುವುದೇನೂ ಗುಟ್ಟಿನ ವಿಷಯವಾಗಿರಲಿಲ್ಲ. ಗೋಧಿ ಕೊಯ್ದು ಹೊಲ ಖಾಲಿಯಾದ ಮೇಲೆ, ಮುಂದಿನ ಬಿತ್ತನೆಯವರೆಗೆ, ಪ್ರತಿ ಶನಿವಾರ ಪರ್ಸಿ ತನ್ನ ಮೆಟಲ್ ಡಿಟೆಕ್ಟರ್ ಹೆಗಲಿಗೇರಿಸಿ ಹೊರಡುತ್ತಿದ್ದ. ಕೂಳೆಯ ಮೇಲೆ ಯಂತ್ರದ ತಟ್ಟೆಯನ್ನು ಅತ್ತ ಇತ್ತ ಆಡಿಸುತ್ತ, ಕಿವಿಯಲ್ಲಿ ಕುಂಯ್ ಎಂಬ ಸದ್ದಿಗೆ ಕಾಯುತ್ತ ಸಂಜೆಯವರೆಗೆ ನಡೆಯುವುದು. ಸದ್ದಾದಲ್ಲಿ ಅಗೆಯುವುದು. ಹೆಚ್ಚಿನ ಸಲ ಸಿಕ್ಕುವುದು ಟ್ರ್ಯಾಕ್ಟರಿನ ಬೋಲ್ಟು, ಎಂದಾದರೊಮ್ಮೆ ಯಾವುದೋ ರಾಜನ ಕಾಲದ ಬೆಳ್ಳಿ ನಾಣ್ಯ. ಮೊದಮೊದಲು ಮ್ಯೂರಿಯಲ್ ಕೂಡ ಹೋಗಿದ್ದಳು. ಮಂಡಿ ನೋವು ಜೋರಾದ ಮೇಲೆ, "ಫ್ಲಾಸ್ಕ್ ಹೊರೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ" ಅಂದಿದ್ದಳು. ಅವನು ಹುಡುಕಿಕೊಂಡ. ಗಂಡ ಸತ್ತ ಮೇಲೆ ಹಂದಿ ಸಾಕಣೆ ಬಿಟ್ಟಿದ್ದ ಡೋರಿನ್ ತನ್ನದೇ ಯಂತ್ರ ಕೊಂಡು ಅವನ ಜೊತೆಯಾದಳು. "ಜೋಡಿ ಕುದುರೆ ಹೊರಟಿತು ನೋಡ್ರೋ" ಎಂದು ಪಬ್ಬಿನ ಮುಂದೆ ಕುಳಿತವರು ಕೂಗಿದರೆ ಪರ್ಸಿ ಟೋಪಿ ಎತ್ತುತ್ತಿದ್ದ. ಮ್ಯೂರಿಯಲ್ ಕೂಡ ನಗುತ್ತಿದ್ದಳು. ನಗದೆ ಇದ್ದರೆ ಊರು ನಗುತ್ತಿತ್ತು.

ಶವಸಂಸ್ಕಾರದ ಏರ್ಪಾಡು ಮಾಡುವವನು ಪರ್ಸಿಯ ಬಟ್ಟೆಬರೆಯನ್ನು ಕಾಗದದ ಚೀಲದಲ್ಲಿ ತಂದುಕೊಟ್ಟ. ವೇಸ್ಟ್‌ಕೋಟಿನ ಒಳಜೇಬಿನಲ್ಲಿ ಫ್ಲ್ಯಾನಲ್ ಬಟ್ಟೆಯ ಸಣ್ಣ ಗಂಟೊಂದಿತ್ತು. ಬಿಚ್ಚಿದಳು. ಒಳಗೆ ಮಡಿಸಿದ ಒಂದು ಬೆಳ್ಳಿ ನಾಣ್ಯ.

ಬಾಗಿಸಿದ ಬೆಳ್ಳಿ ಎಂದರೇನೆಂದು ಪರ್ಸಿಯೇ ಹೇಳಿದ್ದ, ಇದೇ ಅಡುಗೆಮನೆಯಲ್ಲಿ. ಹಿಂದಿನ ಕಾಲದ ಹುಡುಗರು ಆರು ಪೆನ್ಸಿನ ನಾಣ್ಯವನ್ನು ಹಲ್ಲಿನಲ್ಲಿ ಕಚ್ಚಿ ಬಾಗಿಸಿ, ಮನಸ್ಸಿಗೆ ಬಂದ ಹುಡುಗಿಗೆ ಕೊಡುತ್ತಿದ್ದರಂತೆ. ಒಪ್ಪಿದವಳು ಇಟ್ಟುಕೊಳ್ಳುತ್ತಿದ್ದಳು, ಒಲ್ಲದವಳು ಹೊಲಕ್ಕೆ ಎಸೆಯುತ್ತಿದ್ದಳು. "ನನಗ್ಯಾವತ್ತು ಕೊಡ್ತೀಯ?" ಎಂದು ಮ್ಯೂರಿಯಲ್ ಕೇಳಿದ್ದಕ್ಕೆ, "ಸಿಕ್ಕಿದ ದಿನ ನಿನಗೇ ಕಣೇ, ಇನ್ಯಾರಿಗೆ?" ಅಂದಿದ್ದ.

ಸಿಕ್ಕಿತ್ತು. ಕೊಟ್ಟಿರಲಿಲ್ಲ. ಜೇಬಿನಲ್ಲಿಟ್ಟುಕೊಂಡು ಡೋರಿನ್ ಜೊತೆ ಹೊಲ ಸುತ್ತುತ್ತಿದ್ದ.

ಮಣ್ಣು ಮಾಡಿದ ದಿನ ಡೋರಿನ್ ಚಾಪೆಲ್ಲಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು. ಮ್ಯೂರಿಯಲ್ ಹಿಂತಿರುಗಿ ನೋಡಲಿಲ್ಲ, ಆದರೆ ಹಾಡಿನ ನಡುವೆ ಅವಳ ದನಿಯನ್ನೇ ಹುಡುಕುತ್ತಿದ್ದಳು. ಆಮೇಲೆ ಎಲ್ಲರೂ ಚಹಾ, ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ನಿಂತಿದ್ದಾಗ ಡೋರಿನ್ ಹತ್ತಿರ ಬಂದಳು.

"ಈಗ ಕೇಳಬಾರದು ಮಿಸೆಸ್ ಕೆರಿಜ್. ಪರ್ಸಿ ಜೇಬಲ್ಲಿ ಒಂದು ಮಡಿಸಿದ ಬೆಳ್ಳಿ ಇತ್ತಾ? ನಾನೇ ಕೊಟ್ಟಿದ್ದು. ಜೋಪಾನವಾಗಿ ಇಟ್ಕೊಳ್ಳಿ ಅಂತ ಹೇಳೋಣ ಅಂತ."

"ಜೇಬಲ್ಲಿ ಕರವಸ್ತ್ರ ಇತ್ತು" ಎಂದಳು ಮ್ಯೂರಿಯಲ್. "ಅದನ್ನು ನಾನು ಕೊಟ್ಟಿದ್ದೆ. ಸ್ಯಾಂಡ್‌ವಿಚ್ ತಗೋ, ಉಳಿದುಬಿಡುತ್ತೆ."

ಅವಳೇ ಕೊಟ್ಟಿದ್ದು! ಇವನು ಎಸೆಯಲಿಲ್ಲ.

ಮನೆಗೆ ಬಂದವಳು ಕಪ್ಪು ಟೋಪಿಯನ್ನೂ ತೆಗೆಯದೆ ಪರ್ಸಿಯ ಸಾಮಾನಿನ ಡಬ್ಬಿಯಿಂದ ಎರಡು ಇಕ್ಕಳ ತೆಗೆದಳು. ಆ ಮಡಿಕೆಯನ್ನು ಬಿಡಿಸಿ ಚಪ್ಪಟೆ ಮಾಡಿಬಿಟ್ಟರೆ ಅದು ಬರೀ ನಾಣ್ಯ, ಯಾರು ಯಾರಿಗೂ ಕೊಟ್ಟದ್ದಲ್ಲ. ಒಂದರಿಂದ ಹಿಡಿದು ಇನ್ನೊಂದರಿಂದ ಎಳೆದಳು. ಎಷ್ಟೋ ಕಾಲ ಮಣ್ಣಿನಲ್ಲಿದ್ದ ಬೆಳ್ಳಿ ಬಿಸ್ಕತ್ತಿನಂತೆ ಟಕ್ಕೆಂದು ಎರಡಾಯಿತು.

ಮರುದಿನ ಬೆಳಿಗ್ಗೆ ಡೋರಿನ್ ಬಂದಾಗ ಎರಡು ತುಂಡೂ ಮೇಜಿನ ಮೇಲೇ ಇದ್ದವು. ಮ್ಯೂರಿಯಲ್ ಮುಚ್ಚಿಡಲಿಲ್ಲ.

"ಅಯ್ಯೋ, ಇದೇನು ಮಾಡಿದ್ರಿ?"

"ನೆಟ್ಟಗೆ ಮಾಡಿದೆ. ನನ್ನ ಗಂಡನಿಗೆ ಪ್ರೀತಿಯ ಕಾಣಿಕೆ ಕೊಡೋಕೆ ನಿನಗೆ ನಾಚಿಕೆ ಆಗ್ಲಿಲ್ವಾ? ಈ ವಯಸ್ಸಲ್ಲಿ?"

ಡೋರಿನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕುರ್ಚಿ ಎಳೆದುಕೊಂಡು, ಯಾರೂ ಹೇಳದೆಯೇ ಕುಳಿತಳು.

"ಅದು ಬೇರೆ, ಇದು ಬೇರೆ. ಪ್ರೀತಿಯ ನಾಣ್ಯಕ್ಕೆ ಎರಡು ಬಾಗು ಇರುತ್ತೆ, ಹಾವಿನ ಥರ. ಇದು ಅದಕ್ಕಿಂತ ಎಷ್ಟೋ ಹಳೇದು, ಒಂದೇ ಮಡಿಕೆ. ಇದು ಹರಕೆ. ಮನೇಲಿ ಯಾರಾದ್ರೂ ಸಾಯೋ ಹಾಗಾದ್ರೆ ಆ ಕಾಲದವರು ರೋಗಿಯ ತಲೆ ಮೇಲೆ ಬೆಳ್ಳಿ ಪೆನ್ನಿ ಹಿಡಿದು ಮಡಿಸ್ತಿದ್ರು. ವಾಸಿಯಾದ್ರೆ ಸಂತನ ಗುಡಿಗೆ ತಂದು ಒಪ್ಪಿಸ್ತೀವಿ ಅಂತ. ಫೆಬ್ರವರಿಲಿ ನೀವು ಆಸ್ಪತ್ರೆಲಿದ್ರಲ್ಲ, ಉಸಿರಾಟದ ನಳಿಗೆ ಹಾಕಿದ್ರಲ್ಲ, ಆ ವಾರ ನನಗೆ ಸಿಕ್ತು. ಪರ್ಸಿ ಕೈ ಚಾಚಿದ. ಕೊಟ್ಟೆ."

"ನಾವು ಚಾಪೆಲ್ಲಿನವರು, ಕಟ್ಟಾ ಪ್ರಾಟೆಸ್ಟಂಟರು" ಎಂದಳು ಮ್ಯೂರಿಯಲ್. "ಸಂತರು, ಹರಕೆ, ಇವೆಲ್ಲ ನಮ್ಮಲ್ಲಿಲ್ಲ."

"ಅದಕ್ಕೇ ನಿಮಗೆ ಹೇಳ್ಲಿಲ್ಲ. ಗೊತ್ತಾದ್ರೆ ಮನೆಯಿಂದ ಆಚೆ ಹಾಕ್ತಾಳೆ ಅಂತಿದ್ದ. ಮಡಿಕೆ ಮಾತ್ರ ಬಿಡಿಸಬೇಡ ಅಂತ ನಾನಂದಿದ್ದಕ್ಕೆ, ಅವಳಿರೋವರೆಗೂ ಬಿಡಿಸಲ್ಲ ಅಂದ. ನೀವು ಮನೆಗೆ ಬಂದ ದಿನ ಹೊಲದಲ್ಲಿ ನಿಂತು ಅತ್ತ ಕಣ್ರೀ."

ಮ್ಯೂರಿಯಲ್ ಕಿಟಕಿಯತ್ತ ತಿರುಗಿದಳು. ಹೊಟ್ಟೆಯೊಳಗಿನ ಉರಿ ಆರಲಿಲ್ಲ, ಜಾಗ ಬದಲಿಸಿತು. ಅವನು ಅತ್ತಿದ್ದು ಮ್ಯೂರಿಯಲ್‌ಗಾಗಿಯೇ, ಆ ಅಳುವನ್ನು ನೋಡಿದವಳು ಮಾತ್ರ ಡೋರಿನ್. ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ತನಗೆ ಅವನು ಅಳುವುದು ಹೇಗೆಂದೇ ಗೊತ್ತಿರಲಿಲ್ಲ.

"ಅವನು ಕೂತ ಜಾಗ ತೋರಿಸು" ಎಂದಳು.

"ಅಷ್ಟು ದೂರ ನಿಮ್ಮ ಮಂಡಿ..."

"ನನ್ನ ಮಂಡಿಯ ವಿಚಾರ ನಿನಗೆ ಬೇಡ."

ಕೂಳೆಯ ನಡುವೆ ಅವಳಿಗೆ ಹೆಜ್ಜೆ ಎತ್ತಿಡುವುದೇ ಕಷ್ಟವಾಯಿತು. ಡೋರಿನ್ ತೋಳು ಚಾಚಿದಳು. ಮ್ಯೂರಿಯಲ್ ಅದನ್ನು ಹಿಡಿಯದೆ ಒಂದಷ್ಟು ದೂರ ನಡೆದಳು, ಟ್ರ್ಯಾಕ್ಟರ್ ಗಾಲಿಯ ತಗ್ಗು ದಾಟುವಾಗ ಹಿಡಿದಳು. ಬೇಲಿಗಿಂತ ತುಸು ಈಚೆ, ಕೂಳೆ ಮುರಿದು ನೆಲಕ್ಕೆ ಒರಗಿದ್ದಲ್ಲಿ ಡೋರಿನ್ ನಿಂತಳು.

"ಇಲ್ಲೇ. ಚರ್ಚಿನ ಗೋಪುರದ ಕಡೆ ಮುಖ ಮಾಡಿ."

"ಸರಿ. ಇನ್ನು ನೀನು ಗೇಟಿನ ಹತ್ತಿರ ಹೋಗಿ ನಿಂತ್ಕೋ."

"ಮಿಸೆಸ್ ಕೆರಿಜ್..."

"ಇಷ್ಟು ಹೊತ್ತು ನಿನ್ನ ಹತ್ತಿರ ಇದ್ದ. ಸ್ವಲ್ಪ ಹೊತ್ತು ನನ್ನ ಹತ್ತಿರ ಇರಲಿ."

ಡೋರಿನ್ ಹೋದಳು. ಗೇಟಿನ ಬಳಿ, ಬೆನ್ನು ಇತ್ತ ಮಾಡಿ ನಿಂತಳು. ಹೊಲದ ಆಚೆ ತುದಿಯಲ್ಲಿ ಕಾಗೆಗಳು ಇಳಿದು ಏನನ್ನೋ ಹೆಕ್ಕುತ್ತಿದ್ದವು.

ಸತ್ತವರಿಗಾಗಿ ಬೇಡಬಾರದು, ಅವರು ಆಗಲೇ ದೇವರ ಕೈಯಲ್ಲಿದ್ದಾರೆ ಎಂದು ಅವಳಿಗೆ ಚಿಕ್ಕಂದಿನಿಂದ ಕಲಿಸಿದ್ದರು. ಅವಳು ತಂದೆಗಾಗಿ ಬೇಡಿರಲಿಲ್ಲ, ತಾಯಿಗಾಗಿಯೂ ಬೇಡಿರಲಿಲ್ಲ. ಮಂಡಿಯೂರಲು ಆಗದೆ ನಿಂತಲ್ಲೇ ಕೈಜೋಡಿಸಿ ತಲೆ ತಗ್ಗಿಸಿದಳು.

"ಕರ್ತನೇ, ಪರ್ಸಿಯನ್ನು ನಿನ್ನ ಹತ್ತಿರ ಕಳಿಸಿದ್ದೇನೆ. ಅವನು ನನ್ನವನು. ನೋವಾದರೆ ಬಾಯಿಬಿಟ್ಟು ಹೇಳುವವನಲ್ಲ, ನೀನೇ ಕೇಳಬೇಕು. ಅವನಿಗೆ ಶಾಂತಿ ಕೊಡು ತಂದೆಯೇ. ಅವನ ಆತ್ಮ ನಿನ್ನಲ್ಲಿ ನೆಮ್ಮದಿಯಾಗಿರಲಿ. ಆಮೆನ್."