ನೊರೆ ನಿಲ್ಲುವವರೆಗೆ

“ಹೋದ ವಾರಕ್ಕಿಂತ ಜಾಸ್ತಿ ಕೆಂಪಾಗಿದೆಯಲ್ಲ, ಅಳಿಯಂದ್ರೇ,” ಎಂದರು ಅತ್ತೆ, ಮಗುವಿನ ಎರಡೂ ಕಾಲುಗಳನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು. ತೊಡೆಸಂದಿಯಿಂದ ಬೆನ್ನಿನ ಬುಡದವರೆಗೆ ಚರ್ಮ ಸುಲಿದ ಹಾಗಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ.

“ಡಾಕ್ಟರು ಕೊಟ್ಟ ಮುಲಾಮು ಹಚ್ತಾನೇ ಇದ್ದೀನಿ,” ಎಂದ ಅವನು.

“ಹಚ್ಚಿ ಏನು ಬಂತು? ನೋಡಿ, ಮುಂದಿನ ಭಾನುವಾರ ಬರ್ತೀನಿ. ಆಗಲೂ ಹೀಗೇ ಇದ್ರೆ ಮಗೂನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಿಮ್ಮ ಮೇಲೆ ಸಿಟ್ಟಿಲ್ಲ. ಒಬ್ಬರೇ ಎಷ್ಟೂಂತ ಮಾಡ್ತೀರಿ?”

ಬೇಡ ಎನ್ನಬೇಕು ಎಂದು ಅವನಿಗೆ ಗೊತ್ತಿತ್ತು. ಆದರೆ ಬೇಡ ಎಂದೂ ಅನ್ನಿಸಲಿಲ್ಲ, ಆಗಲಿ ಎಂದೂ ಅನ್ನಿಸಲಿಲ್ಲ. ನಾಲ್ಕು ತಿಂಗಳಿಂದ ಹೀಗೇ. ಹೆರಿಗೆಯಾದ ಒಂಬತ್ತನೇ ದಿನಕ್ಕೆ ಹೆಂಡತಿ ಜ್ವರ ಬಂದು ತೀರಿಹೋಗಿದ್ದಳು. ಜನ ಬಂದು ಅತ್ತರು, ಇವನು ಅವರಿಗೆಲ್ಲ ಕುರ್ಚಿ ಹಾಕಿದ. ಗಟ್ಟಿ ಮನುಷ್ಯ ಎಂದು ಹೊಗಳಿದರು. ಗಟ್ಟಿಯೂ ಅಲ್ಲ, ಮಣ್ಣೂ ಅಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೇ. ಗಂಟೆ ನೋಡಿ ಉಂಡ, ಗಂಟೆ ನೋಡಿ ಹಾಲಿನ ಬಾಟಲಿ ತುಂಬಿದ, ಮಗು ಅತ್ತರೆ ಎತ್ತಿಕೊಂಡ.

ಅವನು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಲಾಂಡ್ರಿ ನೋಡಿಕೊಳ್ಳುವವನು. ಜೊತೆಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಾಸಿಗೆ ಬಟ್ಟೆಯ ಮೇಲಿನ ಕಲೆ ನೋಡಿದರೆ ಸಾಕು, ಚಹಾನೋ, ಮಸಿಯೋ, ರಕ್ತವೋ, ಎಷ್ಟು ಹೊತ್ತಿನದೋ ಎಂದು ಹೇಳಿಬಿಡುತ್ತಿದ್ದ. ಒಂದೊಂದು ಕಲೆಗೂ ಒಂದೊಂದು ಮದ್ದು ಬಲ್ಲವನು. ಅಂಥವನ ಮಗುವಿನ ಮೈ ಬಟ್ಟೆಯಿಂದಲೇ ಸುಲಿದುಹೋಗುವುದೆಂದರೆ, ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಅಂಗಡಿಯ ಡೈಪರ್ ಹಾಕಿ ಎಂದು ಎಲ್ಲರೂ ಹೇಳಿದ್ದರು. ಅವನು ತಂದಿರಲಿಲ್ಲ. ಹೆಂಡತಿ ಬಸುರಿಯಿದ್ದಾಗ ಕೂತು ಮೂವತ್ತು ಲಂಗೋಟಿ ಹೊಲಿದಿದ್ದಳು, ನಾಲ್ಕು ಪದರ ಹತ್ತಿ ಬಟ್ಟೆಯವು. ಹೊಲಿದಿಟ್ಟದ್ದನ್ನು ಬಳಸಬೇಕು ಎನ್ನುವುದಕ್ಕಿಂತ ದೊಡ್ಡ ವಿಚಾರವೇನೂ ಅವನ ತಲೆಯಲ್ಲಿರಲಿಲ್ಲ. ಹೋಟೆಲಿನ ಟವೆಲ್ಲುಗಳಿಗೆ ಮಾಡುವಂತೆಯೇ ದಿನಾ ಒಗೆದ. ಎರಡು ಅಳತೆ ಸೋಪಿನ ಪುಡಿ, ಕೊನೆಯ ನೀರಿಗೆ ಮುಚ್ಚಳದ ತುಂಬ ನೀಲಿ ಸಾಫ್ಟ್‌ನರ್. ಒಣಗಿದ ಮೇಲೆ ಬೆಕ್ಕಿನ ಮರಿಯಷ್ಟು ಮೆತ್ತಗಿರುತ್ತಿದ್ದವು, ಘಮಘಮ ಎನ್ನುತ್ತಿದ್ದವು. ಗುಳ್ಳೆ ಎದ್ದಾಗ ಬಟ್ಟೆ ಸರಿಯಾಗಿ ಚೊಕ್ಕಟವಾಗಿಲ್ಲವೆಂದು ಸೋಪು ಹೆಚ್ಚಿಸಿದ, ಒರಟಾಗಿ ಚುಚ್ಚುತ್ತಿದೆಯೇನೋ ಎಂದು ಸಾಫ್ಟ್‌ನರೂ ಹೆಚ್ಚಿಸಿದ. ಗುಳ್ಳೆಯೂ ಹೆಚ್ಚಿತು.

ಸೋಮವಾರ ಮಗುವನ್ನು ಕೆಳಗಿನ ಮನೆಯ ಟೀಚರಮ್ಮನ ಕೈಗೆ ಕೊಟ್ಟು ಕೆಲಸಕ್ಕೆ ಹೊರಡುವಾಗ ಒಗೆದ ಲಂಗೋಟಿಯೊಂದನ್ನು ಚೀಲಕ್ಕೆ ಹಾಕಿಕೊಂಡ. ಲಾಂಡ್ರಿಯ ದೀಪದ ಕೆಳಗೆ ಅದನ್ನು ತಿರುವಿ ಮುರುವಿ ನೋಡುತ್ತಿದ್ದಾಗ ಇಸ್ತ್ರಿ ಮಾಡುವ ಅಕ್ಕ ಬಂದಳು. ಮೂರು ಮಕ್ಕಳನ್ನು ಸಾಕಿದವಳು, ಬಾಯಿ ಸ್ವಲ್ಪ ಜೋರು.

“ಏನು ಮೇಸ್ತ್ರಿ, ಗೆಸ್ಟ್ ಯಾರಾದ್ರೂ ಲಂಗೋಟಿ ಹಾಕ್ಕೊಂಡು ಬಂದಿದ್ರಾ?”

ಅವನು ವಿಷಯ ಹೇಳಿದ. ಅವಳು ಲಂಗೋಟಿಯನ್ನು ಕಸಿದುಕೊಂಡು ಇಸ್ತ್ರಿ ಮೇಜಿನ ಮೇಲೆ ಹಾಸಿದಳು, ನೀರು ಚಿಮುಕಿಸುವ ಬಾಟಲಿಯನ್ನು ಅದರ ಮೇಲೆ ಬಗ್ಗಿಸಿದಳು. ನೀರು ಇಳಿಯಲಿಲ್ಲ. ಹನಿ ಹನಿಯಾಗಿ ನಿಂತು, ಉರುಳಿ, ಮೇಜಿನಂಚಿನಿಂದ ಅವನ ಚಪ್ಪಲಿಯ ಮೇಲೆ ಬಿತ್ತು.

“ಇದೇನು ಬಟ್ಟೆನೋ ಕೆಸುವಿನ ಎಲೆನೋ?”

“ಮೆತ್ತಗಿರಲಿ ಅಂತ ಸಾಫ್ಟ್‌ನರ್ ಹಾಕ್ತಿದ್ದೆ.”

“ಮೆತ್ತಗಿದೆ, ಸರಿ. ಆದ್ರೆ ಕುಡಿಯಲ್ವಲ್ಲ! ಪಾಪ, ಕೂಸು ತನ್ನ ಉಚ್ಚೇಲಿ ತಾನೇ ನೆನೀತಾ ಬಿದ್ದಿರುತ್ತೆ. ಮೇಲೆ ಆ ಸೋಪು ಬೇರೆ. ಅತಿಯಾದ್ರೆ ಅಮೃತಾನೂ ವಿಷ ಅಂತ ಸುಮ್ನೆ ಹೇಳಿದ್ರಾ?”

“ಈಗೇನು ಮಾಡ್ಲಿ?”

“ಏನೂ ಹಾಕ್ಬೇಡಿ. ಬರೀ ಬಿಸಿನೀರಲ್ಲಿ ಅದ್ದಿ ಹಿಂಡಿ. ಒಳಗೆ ಕೂತಿರೋದೆಲ್ಲ ನೊರೆಯಾಗಿ ಬರುತ್ತೆ. ನೊರೆ ನಿಲ್ಲೋವರೆಗೂ ಹಿಂಡಿ.”

ಮಗುವಿನ ಮೈ ಸುಟ್ಟದ್ದು ತನ್ನ ಕೈಯೇ ಎಂದು ಗೊತ್ತಾದಾಗ ಸಂಕಟವಾಗಬೇಕಿತ್ತು. ಆಗಲಿಲ್ಲ. ಮೂವತ್ತಕ್ಕೆ ಎಷ್ಟು ಬಕೆಟ್ ನೀರು ಬೇಕಾದೀತು ಎಂದು ಯೋಚಿಸಿದ.

ಸಂಜೆ ಬಚ್ಚಲಲ್ಲಿ ಕೂತ. ಚಿಟಿಕೆ ಸೋಪು ಹಾಕದಿದ್ದರೂ ಮೊದಲ ಬಕೆಟ್ಟಿನಲ್ಲಿ ಉಕ್ಕುವ ಹಾಲಿನಂತೆ ನೊರೆ ಎದ್ದಿತು. ಚೆಲ್ಲಿದ, ಮತ್ತೆ ತುಂಬಿದ. ನಾಲ್ಕನೆಯದಕ್ಕೂ ನೊರೆ. ಏಳನೆಯದಕ್ಕೆ ಅಂಚಿನಲ್ಲಿ ಮಾತ್ರ ಒಂದಿಷ್ಟು ಗುಳ್ಳೆಗಳು. ಎಂಟನೆಯದರಲ್ಲಿ ಬಕೆಟ್ಟಿನ ತಳ ಕಂಡಿತು. ಅಂಗೈ ಸುಕ್ಕುಗಟ್ಟಿ ಬಿಳಿಚಿಕೊಂಡಿತ್ತು. ಎಲ್ಲ ಮುಗಿಯಲು ಮೂರು ದಿನ ಹಿಡಿಯಿತು. ಬಿಸಿಲಿಗೆ ಒಣಗಿದ ಲಂಗೋಟಿಗಳು ಹಪ್ಪಳದ ಹಾಗೆ ಸೆಟೆದುಕೊಂಡವು. ಅವನಿಗೆ ಅವುಗಳನ್ನು ಮುಟ್ಟಲು ನಾಚಿಕೆಯಾಯಿತು. ವೃತ್ತಿಯಲ್ಲಿ ಅಂಥ ಬಟ್ಟೆಯನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. ಆದರೂ ತೊಡಿಸಿದ. ಗುರುವಾರ ಕೆಂಪು ಇಳಿಯಿತು. ಶನಿವಾರದ ಹೊತ್ತಿಗೆ ಒಂದಿಷ್ಟು ಒಣ ಹೊಟ್ಟು ಬಿಟ್ಟರೆ ಏನೂ ಇರಲಿಲ್ಲ.

ಭಾನುವಾರ ಅತ್ತೆ ದೊಡ್ಡದೊಂದು ಖಾಲಿ ಚೀಲ ಹಿಡಿದು ಬಂದರು. ಮಗುವನ್ನು ಮಲಗಿಸಿ, ಲಂಗೋಟಿ ಬಿಚ್ಚಿ, ಬಹಳ ಹೊತ್ತು ನೋಡಿದರು. ಬೆರಳಿನಿಂದ ಚರ್ಮವನ್ನು ಸವರಿದರು. ಮಗು ಕೇಕೆ ಹಾಕಿತು.

“ವಾಸಿಯಾಗಿದೆ,” ಎಂದರು. ಆ ಧ್ವನಿಯಲ್ಲಿ ಸಂತೋಷವಿರಲಿಲ್ಲ. “ಸುಳ್ಳು ಯಾಕೆ ಹೇಳ್ಲಿ, ಗುಳ್ಳೆ ಬರೀ ನೆಪ. ಹೇಗಾದ್ರೂ ಕರ್ಕೊಂಡು ಹೋಗ್ಬೇಕು ಅಂತ್ಲೇ ಬಂದೆ. ಇದು ಬೇಕು ಅಂತ ನೀವು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಈಗಾದ್ರೂ ಹೇಳಿ. ನಿಮಗೆ ಬೇಕಾ ಈ ಮಗು?”

ಅತ್ತೆ ಬಿಚ್ಚಿಟ್ಟಿದ್ದ ಲಂಗೋಟಿಯನ್ನು ಅವನು ಎತ್ತಿಕೊಂಡ.

“ಬಿಚ್ಚಿದ ತಕ್ಷಣ ತಣ್ಣೀರಿಗೆ ಹಾಕ್ಬೇಕು,” ಎಂದ. “ಕಾಯೋ ಹಾಗಿಲ್ಲ.”

ಅತ್ತೆ ಅವನ ಮುಖವನ್ನೇ ನೋಡಿದರು. ಆಮೇಲೆ ಅದನ್ನೇ ಒಪ್ಪಿಗೆಯೆಂದುಕೊಂಡು, ಮಡಿಸಿಟ್ಟ ಲಂಗೋಟಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು.

“ಸಂಜೆ ಬಿಸಿನೀರು,” ಅವನು ಮುಂದುವರಿಸಿದ. “ಸೋಪು ಒಂದೇ ಚಮಚ, ಅದರ ಮೇಲೆ ಒಂದು ಚೂರೂ ಬೇಡ. ಎರಡು ಸಲ ಜಾಲಿಸಿ ಕೈಯಲ್ಲಿ ನೀರು ಎತ್ತಿ ನೋಡ್ಬೇಕು. ನೊರೆ ಕಂಡ್ರೆ ಮತ್ತೆ ಜಾಲಿಸ್ಬೇಕು. ಬಿಸಿಲು ಇದ್ರೆ ಬಿಸಿಲಿಗೇ ಹಾಕ್ಬೇಕು. ಒರಟಾಯ್ತು ಅಂತ ಏನೂ ಹಾಕ್ಬಾರ್ದು, ಕೈಯಲ್ಲಿ ಉಜ್ಜಿ ಉಜ್ಜಿ...”

“ಆಯ್ತು, ಹಾಗೇ ಮಾಡ್ತೀನಿ.”

ಅವನು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ನಿಮ್ಮ ಕೈಲಿ ಆಗಲ್ಲ ಅತ್ತೆ.”

“ಮಕ್ಕಳನ್ನ ಸಾಕಿದವಳು ನಾನು!”

“ಆಗಲ್ಲ. ನಾನೇ ಮಾಡ್ತೀನಿ. ಮಗು ಇಲ್ಲೇ ಇರಲಿ.” ಆ ಧ್ವನಿ ಯಾರದೆಂದು ಅವನಿಗೇ ಒಂದು ಕ್ಷಣ ತಿಳಿಯಲಿಲ್ಲ.

ಅತ್ತೆ ತುಂಬಿದ್ದನ್ನೆಲ್ಲ ತೆಗೆದು ಮತ್ತೆ ಮಂಚದ ಮೇಲೆ ಜೋಡಿಸಿದರು. ಖಾಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

“ಹಾಗಾದ್ರೆ ಮಗೂದೊಂದು ಅಂಗಿ ಕೊಡಿ. ಒಗೀದೇ ಇರೋದು.”

ಅವನು ಬಚ್ಚಲಿಗೆ ಹೋಗಿ ಬಂದ. “ಎಲ್ಲಾ ನೆನೆಹಾಕಿಬಿಟ್ಟಿದ್ದೀನಿ.”

“ಗೊತ್ತು ಬಿಡಿ,” ಎಂದರು ಅತ್ತೆ. ಬೈಗುಳವಾಗಿರಲಿಲ್ಲ ಅದು. “ಅವಳು ಹೋದ ಮಾರನೇ ದಿನಾನೂ ಹಾಗೇ. ನಾನು ಎದ್ದು ನೋಡೋ ಹೊತ್ತಿಗೆ ಅವಳ ಬಟ್ಟೆ, ಟವೆಲ್ಲು, ದಿಂಬಿನ ಕವರು, ಎಲ್ಲಾ ಹಗ್ಗದ ಮೇಲಿತ್ತು. ಮೂಸಿ ನೋಡೋಕೆ ಒಂದಾದ್ರೂ ಉಳಿದಿದೆಯೇನೋ ಅಂತ ಮನೆಯೆಲ್ಲ ಹುಡುಕಿದೆ. ನೀವು ಕರವಸ್ತ್ರಾನೂ ಬಿಟ್ಟಿರ್ಲಿಲ್ಲ.”

ಅವನು ನೆಲದ ಮೇಲೆ ಕೂತ. ಮಗುವನ್ನು ಹತ್ತಿರಕ್ಕೆಳೆದು, ಅದು ತೊಟ್ಟಿದ್ದ ಅಂಗಿಯ ಗುಂಡಿ ಬಿಚ್ಚತೊಡಗಿದ. ಮೂರು ಪುಟ್ಟ ಗುಂಡಿ, ಬೆರಳಿಗೆ ಸಿಗಲೊಲ್ಲವು. ಎದೆಯ ಮೇಲೆ ಹಾಲು ಕಕ್ಕಿದ ಕಲೆಯೊಂದಿತ್ತು. ಹೆಬ್ಬೆರಳು ತಾನಾಗಿಯೇ ಅದನ್ನು ಉಜ್ಜಲು ಹೋಗಿ ನಿಂತಿತು. ಅಂಗಿಯನ್ನು ಹಾಗೆಯೇ ಅತ್ತೆಯ ಕೈಗೆ ಕೊಟ್ಟ.

ಅವರು ಅದನ್ನು ಮಡಿಸದೆ ಮುಖಕ್ಕೆ ಒತ್ತಿಕೊಂಡರು. ಅವನು ಬರಿಮೈಯ ಮಗುವನ್ನು ಎತ್ತಿ ಎದೆಗಿಟ್ಟುಕೊಂಡ. ಅದರ ನೆತ್ತಿಯ ಮೇಲೆ ಮೂಗಿಟ್ಟು ಉಸಿರೆಳೆದುಕೊಂಡ.