ಕಿತ್ತಳೆ ಬಿಯರ್ ಮತ್ತು ನನ್ನ ಮೂಗು

ಜ್ವರ ಬಿಟ್ಟು ಹೋಗುವಾಗ ನನ್ನ ಮೂಗಿನ ಕೆಲಸವನ್ನೂ ಜೊತೆಗೆ ಕಟ್ಟಿಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದರೂ ತಿಳಿಯಲಿಲ್ಲ. ಹೊಗೆ ಕಣ್ಣಿಗೆ ಹೊಡೆದ ಮೇಲೆ ಪಾತ್ರೆ ಇಳಿಸಿದೆ. ಸೋಪು ಮೂಸಿದೆ, ಈರುಳ್ಳಿ ಹಿಚುಕಿ ಮೂಸಿದೆ. ಎಲ್ಲವೂ ಒಂದೇ, ಖಾಲಿ ಡಬ್ಬಿ ಮೂಸಿದ ಹಾಗೆ. ವಯಸ್ಸಾದವರಿಗೆ ಹೀಗಾಗುವುದುಂಟು, ಬಂದರೆ ತಾನಾಗಿ ಬರುತ್ತದೆ ಎಂದರು ಡಾಕ್ಟರು. ಆಗಲಿ ಎಂದುಕೊಂಡು ಸುಮ್ಮನಾದೆ. ಆದರೆ ಅದೇ ವಾರ ನನ್ನ ತಮ್ಮನ ಕಿತ್ತಳೆ ಬಿಯರ್ ಹದಕ್ಕೆ ಬಂದಿತ್ತು.

ತಮ್ಮನದು ಸಣ್ಣ ವ್ಯಾಪಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಉಕ್ಕಿನ ಡ್ರಮ್ಮುಗಳು, ಒಂದು ತಣ್ಣನೆಯ ಕೋಣೆ, ಸೀಸೆ ತೊಳೆಯುವ ತೊಟ್ಟಿ. ಬಾರ್ಲಿ ಬೇಯಿಸುವುದು, ಹುದುಗು ಬರಿಸುವುದು ಅವನು. ತೊಳೆಯುವುದು, ತುಂಬುವುದು ಅವನ ಹೆಂಡತಿ. ಕಿತ್ತಳೆ ಸಿಪ್ಪೆ ತೆಳ್ಳಗೆ ಹೆರೆದುಕೊಡುವುದು ನಾನು. ಇನ್ನೊಂದು ಕೆಲಸವೂ ನನ್ನದೇ. ನಾನು ಒಂದು ಗುಟುಕು ಕುಡಿದು ತಲೆಯಾಡಿಸದೆ ಅವನು ಯಾವ ಡ್ರಮ್ಮನ್ನೂ ಹೊರಗೆ ಬಿಟ್ಟವನಲ್ಲ. ಈ ಸಲದ್ದನ್ನು ದೊಡ್ಡ ಹೋಟೆಲಿನವರು ರುಚಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೈತುಂಬ ಕೆಲಸ, ಒಪ್ಪದಿದ್ದರೆ ಶೆಡ್ಡಿಗೆ ಬೀಗ ಎಂದು ಅವನೇ ಹೇಳಿಕೊಂಡಿದ್ದ.

ಗ್ಲಾಸು ತಂದು ನನ್ನ ಮುಂದಿಟ್ಟ. ಮೇಲೆ ಬಿಳಿ ನೊರೆ, ಕೆಳಗೆ ತೆಳು ಬೆಲ್ಲದ ನೀರಿನ ಬಣ್ಣ. ಕುಡಿದೆ. ತಣ್ಣಗಿತ್ತು, ನಾಲಿಗೆಗೆ ಚುರುಚುರು ಎಂದಿತು. ಅಷ್ಟೇ.

"ಹೇಗಿದೆ ಅಕ್ಕ?"

"ನನಗೇನೂ ಗೊತ್ತಾಗ್ತಿಲ್ಲ ಕಣೋ. ಜ್ವರ ಬಂದ ಮೇಲೆ ವಾಸನೆನೇ ಬರ್ತಿಲ್ಲ."

ಅವನ ಮುಖ ಇಳಿಯಿತು. "ಕಿತ್ತಳೆ ಸಾಲದು ಅಂತೀಯ."

"ಹಾಗಂದೆನಾ ನಾನು? ನನ್ನ ಮೂಗು ಕೆಟ್ಟಿದೆ."

"ಬಿಡು ಅಕ್ಕ, ಅರ್ಥ ಆಯ್ತು."

ಅವನಿಗೆ ಅರ್ಥವಾಗುವುದೇ ನನ್ನ ಕಷ್ಟ. ಚಿಕ್ಕಂದಿನಿಂದ ಚೆನ್ನಾಗಿಲ್ಲ ಎಂಬ ಮಾತು ನನ್ನ ಬಾಯಿಂದ ಬಂದದ್ದಿಲ್ಲ. ಅವನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಮೊದಲ ಸಲ ಶರಬತ್ತು ಮಾಡಿ ಕೊಟ್ಟಾಗ "ಲೋಟ ಚೆನ್ನಾಗಿ ತೊಳೆದಿದ್ದೀಯ" ಎಂದೆ. ಹೋಗಿ ಶರಬತ್ತು ಚೆಲ್ಲಿ ಬಂದ. ಮದುವೆಗೆ ಹೊಲಿಸಿದ ಕೋಟು ತೋರಿಸಿದಾಗ "ಗುಂಡಿ ಗಟ್ಟಿಯಾಗಿವೆ" ಎಂದೆ. ಸಂಜೆಯೊಳಗೆ ಕೋಟು ದರ್ಜಿಯ ಅಂಗಡಿಗೆ ವಾಪಸ್ಸಾಯಿತು. ನನ್ನ ಮಾತನ್ನು ಮಗುಚಿ ನೋಡುವುದರಲ್ಲಿ ಅವನು ಪಳಗಿಬಿಟ್ಟಿದ್ದಾನೆ. ಮಗುಚಲು ಏನೂ ಇಲ್ಲದ ಮಾತಾಡಿದರೂ ಬಿಡುವುದಿಲ್ಲ.

ಗ್ಲಾಸಿನಲ್ಲಿ ಉಳಿದದ್ದನ್ನು ಅವನ ಹೆಂಡತಿ ಕುಡಿದಳು. "ಚೆನ್ನಾಗಿದೆಯಲ್ಲ ರೀ. ಘಮ್ ಅಂತಿದೆ. ಇದನ್ನ ಮುಟ್ಟೋಕೆ ಹೋಗಬೇಡಿ."

"ನಿನಗೆ ಎಲ್ಲಾನೂ ಚೆನ್ನಾಗೇ ಇರುತ್ತೆ."

"ಮತ್ತೆ, ನಿಮ್ಮನ್ನೇ ಒಪ್ಪಿಕೊಂಡವಳಲ್ವಾ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಇನ್ನಷ್ಟು ಸಿಪ್ಪೆ ಹೆರೆದುಕೊಡು ಎಂದ. ಕೊಡುವುದಿಲ್ಲ ಎಂದೆ. "ಜ್ವರದ ಸುಸ್ತು ನಿನಗೆ, ಕೂತ್ಕೋ" ಎಂದು ತಾನೇ ಅಡುಗೆಮನೆಯ ಚಾಕು ಹಿಡಿದು, ಒಳಗಿನ ದಪ್ಪ ಬಿಳಿ ಪದರವನ್ನೂ ಸೇರಿಸಿ ಕೊಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ ಡ್ರಮ್ಮಿಗೆ ಇಳಿಬಿಟ್ಟ.

ಒಂದೆರಡು ದಿನ ಬಿಟ್ಟು ಮತ್ತೆ ಗ್ಲಾಸು ಬಂತು. ಮತ್ತೆ ಅದೇ ಚುರುಚುರು.

"ನನ್ನ ಕೈಲಾಗಲ್ಲ ಕಣೋ. ಬೇರೆ ಯಾರಿಗಾದ್ರೂ ಕೊಟ್ಟು ನೋಡು."

"ಕುಡಿಯೋಕೂ ಆಗದಷ್ಟು ಕೆಟ್ಟಿದೆಯಾ?"

ನಾನು ಎದ್ದು ಹೋಗಿ ಸೀಮೆಎಣ್ಣೆಯ ಸೀಸೆ ತಂದೆ. ಬಿರಡೆ ತೆಗೆದು ಅವನೆದುರಿಗೇ ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದೆ. "ನೋಡು. ಏನಾದ್ರೂ ಆಯ್ತಾ ನನಗೆ?"

"ನಿನ್ನ ತಾಳ್ಮೆ ನನಗೆ ಗೊತ್ತಿಲ್ವಾ ಅಕ್ಕ. ಕಷಾಯನೂ ಮುಖ ಸಿಂಡರಿಸದೆ ಕುಡಿದವಳು ನೀನು."

"ಡಾಕ್ಟರನ್ನೇ ಕೇಳು ಹಾಗಾದ್ರೆ."

"ಡಾಕ್ಟರಿಗೆ ನಮ್ಮ ಬಿಯರ್ ವಿಷಯ ಏನು ಗೊತ್ತು?"

ಇಂಥವನ ಹತ್ತಿರ ಏನು ಹೇಳುವುದು? ಗೋಡೆಗಾದರೆ ತಲೆಯನ್ನಾದರೂ ಚಚ್ಚಿಕೊಳ್ಳಬಹುದು. ಅವನು ಇನ್ನೊಂದು ಗಂಟು ಇಳಿಬಿಟ್ಟ.

ಹೋಟೆಲಿನವರು ಬರುವ ದಿನ ಬೆಳಿಗ್ಗೆ ಗ್ಲಾಸು ಹಿಡಿದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಒಂದು ಗುಟುಕಿಗೇ ನಾಲಿಗೆ ಹಿಂದಕ್ಕೆ ಸರಿಯಿತು. ಮುಖ ನನ್ನ ಮಾತು ಕೇಳದೆ ಕಿವುಚಿಕೊಂಡಿತು.

"ಈಗ ಗೊತ್ತಾಯ್ತಾ?" ಎಂದ ಆಸೆಯಿಂದ.

"ಆಯ್ತು. ಕಹಿ. ಕೆಟ್ಟುಹೋಗಿದೆ ಇದು, ಅವರಿಗೆ ಕೊಡಬೇಡ."

ಅವನು ಒಂದು ಗುಟುಕು ಕುಡಿದು ನೆಲಕ್ಕೆ ಉಗಿದ. ನಾನು ಆಡಿದ ಮಾತು ನನಗೇ ಹೊಸದಾಗಿ ಕೇಳಿಸಿತು. ಅವನು ಮಾತ್ರ ಸುಧಾರಿಸಿಕೊಂಡು, "ಮೂಗು ಹೋಗಿದೆ ಅಂತಿದ್ದೆ, ಈಗ ಹೇಗೆ ಗೊತ್ತಾಯ್ತು?" ಎಂದ.

"ಕಹಿಗೆ ಮೂಗು ಯಾಕೆ? ನಾಲಿಗೆ ಇದೆಯಲ್ಲೋ."

ಅವನು ತಲೆಯ ಮೇಲೆ ಕೈಹೊತ್ತು ಕೂತಾಗ ಹೆಂಡತಿ ತಣ್ಣನೆಯ ಕೋಣೆಯಿಂದ ಒಂದು ಕ್ರೇಟು ಎಳೆದು ತಂದಳು. "ಮೊದಲನೇ ದಿನವೇ ಇಷ್ಟು ತುಂಬಿಟ್ಟಿದ್ದೆ. ನಿಮಗೆ ಹೇಳಿದ್ರೆ ಅದಕ್ಕೂ ಸಿಪ್ಪೆ ತುರುಕ್ತಿದ್ರಿ."

ಒಂದು ಸೀಸೆಯ ಮುಚ್ಚಳ ತೆಗೆದು ಗ್ಲಾಸಿಗೆ ಸುರಿದಳು. ಅವನು ಅದನ್ನು ತೆಗೆದುಕೊಂಡು ನೇರ ನನ್ನ ಕಡೆಗೇ ಚಾಚಿದ.

"ಅವಳನ್ನ ಕೇಳು," ಎಂದೆ.

"ಅಂದ್ರೆ ಇದೂ ಸರಿಯಿಲ್ಲ."

ಅಷ್ಟರಲ್ಲಿ ಹೋಟೆಲಿನ ಯಜಮಾನರು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನಾನು ತಮ್ಮನ ಕೈಯಿಂದ ಗ್ಲಾಸು ಕಿತ್ತುಕೊಂಡು ಅವರ ಕೈಗೆ ಕೊಟ್ಟೆ. ಅವರು ಮೂಸಿದರು, ಒಂದು ಗುಟುಕು ಕುಡಿದರು. ಆಮೇಲೆ ಉಳಿದದ್ದನ್ನೂ ಕುಡಿದು ಗ್ಲಾಸನ್ನು ನನ್ನ ತಮ್ಮನ ಹೆಂಡತಿಯ ಕಡೆಗೆ ಹಿಡಿದರು.

"ಇನ್ನು ಸ್ವಲ್ಪ ಹಾಕಮ್ಮ. ಇದೇ ರುಚಿದು ತಿಂಗಳಿಗೆ ಎಷ್ಟು ಕೊಡ್ತೀರಿ?"

ಉತ್ತರ ಹೇಳಬೇಕಾದವನು ನನ್ನ ಮುಖವನ್ನೇ ನೋಡುತ್ತಿದ್ದ.

"ಕೇಳ್ತಿರೋದು ಅವರು ಕಣೋ," ಎಂದೆ.

"ಒಂದು ಮಾತು ಹೇಳಿಬಿಡು ಅಕ್ಕ," ಎಂದ ತಗ್ಗಿದ ದನಿಯಲ್ಲಿ. "ನಿಜವಾಗ್ಲೂ ಚೆನ್ನಾಗಿದೆಯಾ?"

ನಾನು ಸೆರಗು ಕೊಡವಿ ಹೊರಗೆ ನಡೆದೆ. ತಿಂಗಳಿಗೆ ಎಷ್ಟು ಕೊಡಬಹುದೆಂದು ಅವನ ಹೆಂಡತಿ ಹೇಳುತ್ತಿರುವುದು ಹಿಂದಿನಿಂದ ಕೇಳಿಸಿತು.