ಭಂಡಾರದ ಚೀಟಿ

"ಒಂದ ಚಮಚೆ ಮಸರ ಸಾಕ್ರಿ ಮೇಡಂ, ಮೂರ ಗಡಿಗಿ ಹಾಲ ಹೆಪ್ಪಾಗ್ತಾವು," ಎಂದ ಸೋಮಲಿಂಗ. "ನಿಮ್ಮ ಟೀಮ್ ಅಂದ್ರ ಆ ಮಸರ. ಒಡದ ಹಂಚಿಬಿಡೂನು. ಬಾದಾಮಿಗೆ ಒಂದಿಷ್ಟ ಮಂದಿ, ಇಳಕಲ್ಲಿಗೆ ಒಂದಿಷ್ಟ ಮಂದಿ, ಉಳದವ್ರು ಇಲ್ಲೇ ನಿಮ್ಮ ಹಂತೇಕ."

"ಕುದಿಯೂ ಹಾಲಿಗೆ ಹೆಪ್ಪ ಹಾಕಿದ್ರ ಒಡೀತೈತ್ರಿ ಸರ್," ಎಂದಳು ಸುಮಾ.

"ಅದನ್ನ ಆರಸಾಕ ನೀವ ಅದೀರಲ್ರಿ!" ಎಂದು ಅವನು ನಕ್ಕ. ನಗುವವನ ಮೇಲೆ ಸಿಟ್ಟು ಮಾಡುವುದು ಕಷ್ಟ. ಸೋಮಲಿಂಗ ಅದನ್ನು ಚೆನ್ನಾಗಿ ತಿಳಿದವನು. ಪುಣೆಯಲ್ಲಿ ತರಬೇತಿ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡ, ಕಂಪನಿ ಕಳಿಸಿದ ಮ್ಯಾನೇಜರ. ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಸುಮಾ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಹೊರಗೆ ಬಂದಳು.

ಬಾಗಲಕೋಟೆಯ ನವನಗರದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಆ ಎರಡು ಕೋಣೆಯ ಆಫೀಸನ್ನು ಕಟ್ಟಿದವಳೇ ಅವಳು. ಇಳಕಲ್ಲಿನ ನೇಕಾರರ ಮಗಳು. ಹುನಗುಂದ ಕಡೆಯ ಒಂದು ನೀರಾವರಿ ಸಂಘದವರು ಒಂದು ಸಾಫ್ಟ್‌ವೇರ್ ಬೇಕೆಂದು ಕೇಳಿದ್ದರು. ಕಾಲುವೆಯ ನೀರು ಯಾವ ರೈತನ ಪಾಳಿ, ಯಾವ ತೂಬು, ಎಷ್ಟು ಹೊತ್ತಿಗೆ ಎಂಬುದು ಅವನ ಮೊಬೈಲಿಗೆ ಸಂದೇಶವಾಗಿ ಹೋಗಬೇಕು. ಹೋದ ವರ್ಷದಿಂದ ಹೊಲದಲ್ಲೂ ಮೊಬೈಲು ರಿಂಗಣಿಸತೊಡಗಿದ್ದ ಕಾಲ. ಸುಮಾಳ ಸಣ್ಣ ತಂಡ ಒಂದು ಕಾಲುವೆಗೆ ಅದನ್ನು ಮಾಡಿಕೊಟ್ಟಿತ್ತು. ಎರಡು ವಾರಕ್ಕೊಮ್ಮೆ ಒಂದಿಷ್ಟು ಮಾಡುವುದು, ರೈತರಿಗೆ ತೋರಿಸುವುದು, ಬೈಸಿಕೊಳ್ಳುವುದು, ತಿದ್ದುವುದು. ಹಾಗೆ ಬೈಸಿಕೊಂಡೇ ಅದು ನೆಟ್ಟಗಾಯಿತು.

ದಿನಾ ಬೆಳಿಗ್ಗೆ ಎಲ್ಲರೂ ಗೋಡೆಯ ಮುಂದೆ ನಿಲ್ಲಬೇಕು. ಕೂರುವ ಹಾಗಿಲ್ಲ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀ, ಎಲ್ಲಿ ಸಿಕ್ಕಿಕೊಂಡೀ, ಇಷ್ಟೇ ಮಾತು. ಸಿಕ್ಕಿಕೊಂಡವನು ಗೋಡೆಗೆ ಹಳದಿ ಚೀಟಿ ಅಂಟಿಸಬೇಕು. ಮೊದಲ ದಿನ ಆ ಚೀಟಿ ಅಂಟಿಸಿದವನು ಬೀರಲಿಂಗ. ಕುರಿಗಾರರ ದೇವರು ಬೀರಪ್ಪನ ಒಕ್ಕಲು, ಕುರಿ ಮಾರಿದ ದುಡ್ಡಿನಲ್ಲಿ ಡಿಪ್ಲೊಮಾ ಓದಿದ ಹುಡುಗ. "ಹಳದಿ ಐತಿ, ಹಂಗಾರ ಇದು ಬೀರಪ್ಪಗ ಹಾರಸೂ ಅರಿಷಿಣ, ಭಂಡಾರ. ಭಂಡಾರ ಮುಟ್ಟಿ ಸುಳ್ಳ ಹೇಳಬಾರ್ದು ನೋಡ್ರಿ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಆದರೆ ಅದೇ ನಿಂತಿತು. "ಏನಪಾ, ಇವತ್ತ ಭಂಡಾರ ಎಷ್ಟ ಹಾರಸ್ತಿ?" ಎಂದು ಒಬ್ಬರನ್ನೊಬ್ಬರು ಕಾಡುತ್ತಿದ್ದರು. ಆದರೂ ಚೀಟಿ ಹಚ್ಚಿದವನನ್ನು ಯಾರೂ ಬೈಯುತ್ತಿರಲಿಲ್ಲ. ಪಕ್ಕದವರು ತಮ್ಮ ಕೆಲಸ ಬಿಟ್ಟು ಅವನ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದರು.

ಸಂಘದವರು ಖುಷಿಯಾಗಿ ಎಲ್ಲಾ ಕಾಲುವೆಗೂ ಬೇಕೆಂದರು. ಆಗ ಸೋಮಲಿಂಗನಿಗೆ ಮಸರು ನೆನಪಾಯಿತು.

ಪಾಳಿಯ ಪಟ್ಟಿ ಬಾಗಲಕೋಟೆಯ ಸುಮಾಳ ತಂಡಕ್ಕೆ. ಪಂಪಿಗೆ ಕರೆಂಟು ಬರುವ ಹೊತ್ತು ಬಾದಾಮಿಯ ತಂಡಕ್ಕೆ. ಎರಡನ್ನೂ ಕೂಡಿಸಿ ಸಂದೇಶ ಕಳಿಸುವುದು ಇಳಕಲ್ಲಿನ ತಂಡಕ್ಕೆ. ಬೀರಲಿಂಗ ಇಳಕಲ್ಲಿಗೆ ಹೋದ. ಹೊಸ ಹುಡುಗರು ಬಂದರು. ದಿನಾ ಬೆಳಿಗ್ಗೆ ಮೂರೂ ಊರು ಫೋನಿನಲ್ಲಿ ಒಂದಾಗಿ ಮಾತಾಡಬೇಕು. ದೊಡ್ಡ ಮೇಜು ಬಂತು, ಕುರ್ಚಿ ಬಂದವು, ಸಂಘದ ಅಧ್ಯಕ್ಷರಿಗೆಂದು ಚಹಾ ಬಂತು. ಅಧ್ಯಕ್ಷರು ಬಂದು ಕೂತ ಮೇಲೆ ಹಳದಿ ಚೀಟಿ ಕಣ್ಣಿಗೆ ಚುಚ್ಚತೊಡಗಿತು. "ಮಂದಿ ಮುಂದ ನಮ್ಮ ಹರಕ ತೋರಸೂದು ಬ್ಯಾಡ," ಎಂದ ಸೋಮಲಿಂಗ. "ಹಸಿರು, ಇಲ್ಲಾ ತಿಳಿಹಸಿರು. ಎರಡ ಬಣ್ಣ ಸಾಕು."

ಮನೆಯ ಮಾತನ್ನು ಓಣಿಗೆ ಒಯ್ಯಬಾರದು ಎಂದು ಕೇಳಿಕೊಂಡೇ ಬೆಳೆದ ಮಂದಿ. ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ. "ಬಾದಾಮಿ?" "ಆರಾಮ್ರಿ, ಹಸಿರು." "ಇಳಕಲ್?" "ಆರಾಮ್ರಿ." ಬೀಗರ ಮನೆಗೆ ಹೋದಂತೆ. ಬೀರಲಿಂಗ ಮಾತ್ರ ಒಂದು ದಿನ, "ಸರ್, ಇಲ್ಲೊಂದ ಭಂಡಾರ ಐತ್ರಿ. ಬಾಗಲಕೋಟಿಯವ್ರ ದಿನ ಬ್ಯಾರೆ, ಬಾದಾಮಿಯವ್ರ ದಿನ ಬ್ಯಾರೆ ಆಗೈತ್ರಿ..." ಎಂದು ಶುರು ಮಾಡಿದ.

"ಬೀರಲಿಂಗ, ಇದು ಮೀಟಿಂಗ್ ಅದಪಾ, ನಿಮ್ಮ ಬೀರಪ್ಪನ ಗುಡಿ ಅಲ್ಲ," ಎಂದ ಸೋಮಲಿಂಗ.

ಮೂರೂ ಊರಿನಿಂದ ನಗು ಬಂತು. ಆ ನಗೆಯಲ್ಲಿ ಬೀರಲಿಂಗನ ದನಿ ಮುಳುಗಿತು. ಸುಮಾಳ ಕಿವಿ ಕಾದವು. ಆದರೆ ಮುಂದಿನ ಹೆಸರು ಅವಳದೇ ಇತ್ತು. "ಹಸಿರು," ಎಂದಳು.

ಬೀರಲಿಂಗ ಹೇಳಬಂದಿದ್ದು ಸಣ್ಣದು. ರೈತನಿಗೆ ದಿನ ಹುಟ್ಟುವುದು ಹೊತ್ತು ಹುಟ್ಟಿದಾಗ. ಸೋಮವಾರ ರಾತ್ರಿಯ ಪಾಳಿ ಎಂದರೆ ಬೆಳಗಿನ ಜಾವದವರೆಗೂ ಸೋಮವಾರವೇ. ಸುಮಾ ರೈತರನ್ನು ಕೇಳಿ ಹಾಗೇ ಬರೆಸಿದ್ದಳು. ಬಾದಾಮಿಯ ಹೊಸಬರು ರೈತರ ಮುಖ ನೋಡಿದವರಲ್ಲ. ಗಡಿಯಾರ ನೋಡಿ, ಹನ್ನೆರಡು ಹೊಡೆದರೆ ಮಂಗಳವಾರ ಎಂದು ಬರೆದರು. ಎರಡೂ ಸರಿ. ಕೂಡಿಸಿದರೆ ಮಾತ್ರ ತಪ್ಪು.

ಹೋದ ಸೋಮವಾರ ರಾತ್ರಿ ಆ ತಪ್ಪು ತೂಬಿನ ಮೇಲೆ ಬಂದು ನಿಂತಿತು. ಪಾಳಿ ನಿನ್ನದು ಎಂಬ ಸಂದೇಶ ಮುತ್ತಪ್ಪನಿಗೆ ಮುಂಜಾನೆಯೇ ಹೋಗಿತ್ತು. ಹನ್ನೆರಡು ದಾಟಿದ ಮೇಲೆ, ಕರೆಂಟ್ ಬಂದಿದೆ, ತೂಬು ತೆಗೆ ಎಂಬ ಸಂದೇಶ ಮಂಗಳವಾರದ ಪಾಳಿಯ ಹುಲ್ಲಪ್ಪನಿಗೆ ಹೋಯಿತು. ಇಬ್ಬರೂ ಅಣ್ಣತಮ್ಮಂದಿರ ಮಕ್ಕಳು. ಇಬ್ಬರ ಕೈಯಲ್ಲೂ ಮೊಬೈಲು, ಇಬ್ಬರ ಕೈಯಲ್ಲೂ ಸಲಿಕೆ. ಮುತ್ತಪ್ಪನ ಹಣೆಗೆ ಹೊಲಿಗೆ ಬಿದ್ದವು.

ಈಗ ಸಂಘದ ಅಧ್ಯಕ್ಷರು, ತಲೆಗೆ ಪಟ್ಟಿ ಸುತ್ತಿದ ಮುತ್ತಪ್ಪನನ್ನು ಕರೆದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಅವರು ಮೇಲೆ ಬರುವಷ್ಟರಲ್ಲಿ ಸೋಮಲಿಂಗ ಸುಮಾಳನ್ನು ಒಳಗೆ ಕರೆದ.

"ಸಂದೇಶ ಹೋದದ್ದ ಇಳಕಲ್ಲಿಂದ. ಅಂದ್ರ ಬೀರಲಿಂಗಂದ ತಪ್ಪು. ನಾಳಿಂದ ಅಂವ ಬರೂದು ಬ್ಯಾಡ ಅಂತ ಹೇಳಿಬಿಡ್ತೇನಿ. ನೀವ ಹೂಂ ಅನ್ರಿ ಸಾಕು."

"ಅಂವ ಅವತ್ತ ಹೇಳಾಕ ಬಂದಿದ್ನಲ್ರಿ!"

"ಯಾರದರ ಒಂದ ಹೆಸರ ಕೊಡಬೇಕಲ್ರಿ ಮೇಡಂ. ಮೂರ ಟೀಮಿನ ಅನ್ನ ಐತಿ. ಒಬ್ಬಾಂವ ಹೋದ್ರ ಏನಾತು? ಕುರಿ ಅದಾವಲ್ಲ ಅವನ ಮನ್ಯಾಗ."

ಕುರಿ ಅದಾವಲ್ಲ. ನಿಮ್ಮ ಮನ್ಯಾಗ ಮಗ್ಗ ಐತಲ್ಲ ಎಂದು ನಾಳೆ ತನಗೂ ಅನ್ನಬಹುದು. ಸುಮಾ ತನ್ನ ಮೇಜಿನ ಖಾನೆ ಜಗ್ಗಿ ತೆಗೆದು, ಅಡಿಯಲ್ಲಿ ಬಿದ್ದಿದ್ದ ಹಳದಿ ಚೀಟಿಯ ಕಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು, ಅಧ್ಯಕ್ಷರ ಎದುರು ಮೇಜಿಗೆ ಕೂತಳು.

ಮೇಜಿನ ನಡುವೆ ಫೋನಿತ್ತು. ಬಾದಾಮಿ, ಇಳಕಲ್ ಎರಡೂ ಆ ಕಡೆಯಿಂದ ಕೇಳಿಸಿಕೊಳ್ಳುತ್ತಿದ್ದವು. ಸೋಮಲಿಂಗ, "ಅಧ್ಯಕ್ಷರ, ಖರೆ ಹೇಳಬೇಕಂದ್ರ ನಮ್ಮ ಪದ್ಧತಿ ಭಾಳ ಪಕ್ಕಾ ಅದ. ಇಳಕಲ್ಲಿನ ಒಬ್ಬ ಹುಡುಗನ ಅಲಕ್ಷ್ಯದಿಂದ..." ಎನ್ನುವಷ್ಟರಲ್ಲಿ ಸುಮಾ ಎದ್ದು ನಿಂತಳು.

"ಮೇಡಂ, ಕುಂದರ್ರಿ."

"ಕುಂದ್ರೂದಿಲ್ರಿ. ಕುಂತ ಕುಂತ ಇದು ಹಿಂಗಾತು!" ಅವಳ ದನಿ ಒಡೆದಿತ್ತು, ಆದರೆ ನಿಲ್ಲಲಿಲ್ಲ. "ಅಧ್ಯಕ್ಷರ, ಆ ಹುಡುಗ ಮೊದಲ ಹೇಳಿದ್ದ. ಈ ಮೇಜಿನ ಮ್ಯಾಲೇ ಹೇಳಿದ್ದ. ಗುಡಿ ಅಲ್ಲ ಅಂತ ಇವ್ರು ಅವನ ಬಾಯಿ ಮುಚ್ಚಿದ್ರು, ನಾವೆಲ್ಲಾ ಕಿಸಿದ್ವಿ. ಮೂರು ಊರಾಗ ಕೆಲಸ ಹಂಚಿದ್ವಿ, ಬಾಯಿ ಮಾತ್ರ ಒಬ್ರ ಕಡೆ ಇಟ್ಕೊಂಡ್ವಿ. ಬಾದಾಮ್ಯಾಗ ಏನ್ ನಡದೈತಿ ನನಗ ಗೊತ್ತಿಲ್ಲ, ನಂದು ಅವ್ರಿಗೆ ಗೊತ್ತಿಲ್ಲ, ದಿನಾ ಎದ್ದು ಹಸಿರು, ಹಸಿರು! ನಾನೂ ಅಂದೇನಿ. ಹುಲ್ಲ ಮೇಯಾಕ ಬಂದಿದ್ವೇನು ನಾವು?"

ಅಧ್ಯಕ್ಷರ ಕೈಯ ಚಹಾದ ಬಟ್ಟಲು ಅರ್ಧಕ್ಕೇ ನಿಂತಿತ್ತು.

"ಇದನ್ನ ಮ್ಯಾಲಿನವ್ರಿಗೆ ತಿಳಸ್ತೇನಿ," ಎಂದ ಸೋಮಲಿಂಗ. ಈ ಸಲ ನಗಲಿಲ್ಲ.

"ತಿಳಸ್ರಿ. ನನ್ನ ಹೆಸರ ಮೊದಲ ಬರೀರಿ." ಅವಳು ಒಂದು ಚೀಟಿ ಹರಿದು, ಹಸಿರು ಚೀಟಿಗಳ ನಡುವೆ, ಗೋಡೆಗೆ ಅಂಗೈಯಿಂದ ಬಡಿದಳು. ಅದರ ಮೇಲೆ ಏನೂ ಬರೆದಿರಲಿಲ್ಲ. ಆಮೇಲೆ ಫೋನಿನ ಕಡೆ ಬಾಗಿ, "ಬೀರಲಿಂಗ, ಎದ್ದ ನಿಲ್ಲು," ಎಂದಳು.

ಇಳಕಲ್ಲಿನಲ್ಲಿ ಕುರ್ಚಿ ಸರಿದ ಸಪ್ಪಳ ಇಲ್ಲಿಗೆ ಕೇಳಿಸಿತು.

"ನಿಂತೇನ್ರಿ ಅಕ್ಕಾರ."

"ಹೇಳು."

"ಇದೇನ್ರಿ ಇದು, ಇಲ್ಲೇನ್ ಪಂಚಾಯ್ತಿ ನಡದೈತೇನು?" ಎಂದು ಸೋಮಲಿಂಗ ಫೋನಿನ ಗುಂಡಿಗೆ ಕೈ ಹಾಕಿದ.

ಅಲ್ಲಿಯವರೆಗೂ ಮೂಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದ ಮುತ್ತಪ್ಪ ಎದ್ದ. "ಕೈ ತಗೀರಿ ಸಾಹೇಬ್ರ. ಹೊಡ್ತ ತಿಂದಾಂವ ನಾ. ಬಡದಾಂವ ನಮ್ಮ ಚಿಗವ್ವನ ಮಗ. ನಮ್ಮನ್ಯಾಗ ಈಗ ಇಬ್ರ ಹೆಂಗಸರು ಬಾವಿ ಕಟ್ಟೀಮ್ಯಾಲೆ ಮಾತಾಡಂಗಿಲ್ಲ. ಯಾಕ ಹಿಂಗಾತು ಅಂತ ನಾ ಕೇಳಬೇಕು. ಆ ಹುಡುಗ ಮಾತಾಡ್ಲಿ."

ಸೋಮಲಿಂಗ ಕೈ ಹಿಂದಕ್ಕೆ ತೆಗೆದ.

"ನಿನ್ನೆ ಎಲ್ಲಾ ತೂಬಿನ ಸಂದೇಶ ನಿಲ್ಲಿಸೇನ್ರಿ," ಎಂದ ಬೀರಲಿಂಗ. ದನಿ ಸಣ್ಣದಾಗಿತ್ತು. "ಇವತ್ತ ಹುಲ್ಲಪ್ಪಗ ಫೋನ್ ಮಾಡಿ, ತಪ್ಪು ನಿಮ್ಮಿಬ್ರದೂ ಅಲ್ಲ ಅಂತ ಹೇಳಬೇಕಂತ ಮಾಡೇನ್ರಿ." ಅಷ್ಟಕ್ಕೆ ನಿಂತ.

"ಎಲ್ಲಿ ಸಿಕ್ಕೊಂಡೀ?" ಎಂದಳು ಸುಮಾ.

"ಹೇಳಾಕ ಬಾಯಿ ಬರವಲ್ದ್ರಿ ಅಕ್ಕಾರ."

ಫ್ಯಾನು ತಿರುಗುತ್ತಿತ್ತು. ಬಹಳ ದಿನ ಖಾನೆಯಲ್ಲಿ ಬಿದ್ದಿದ್ದ ಚೀಟಿಯ ಅಂಟು ಒಣಗಿತ್ತು. ಗಾಳಿಗೆ ಒಂದು ಅಂಚು ಎದ್ದು, ಚೀಟಿ ಗೋಡೆ ಬಿಟ್ಟು ಮುತ್ತಪ್ಪನ ಕಾಲ ಬಳಿ ಬಂದು ಬಿತ್ತು. ಅವನು ಒಂದು ಕೈಯಿಂದ ಹಣೆಯ ಪಟ್ಟಿಯನ್ನು ಹಿಡಿದುಕೊಂಡು ಬಾಗಿ ಅದನ್ನು ಎತ್ತಿಕೊಂಡ. ಗೋಡೆಗೆ ಒತ್ತಿದ. ನಿಲ್ಲಲಿಲ್ಲ. ಮತ್ತೆ ಒತ್ತಿ, ಈ ಸಲ ಅಂಗೈಯನ್ನು ತೆಗೆಯದೆ ಹಾಗೇ ನಿಂತುಕೊಂಡ.